ಲಿವರಿಗೆ ಹೋದ ಸಕ್ಕರೆ

ಚಳ್ಳಕೆರೆಯಲ್ಲಿ ಎಣ್ಣೆಮಿಲ್ಲು ನಡೆಸುವ ಮುರುಗೇಂದ್ರಪ್ಪನವರಿಗೆ ಅವತ್ತು ತಲೆ ಕೆಟ್ಟುಹೋಗಿತ್ತು. ಸಕ್ಕರೆ ಕಾಯಿಲೆ ಬಂದಾಗಿನಿಂದ ಹೆಂಡತಿ ಬಸವಲಿಂಗಮ್ಮ ಅವರ ಚಹಾಕ್ಕೆ ಒಂದು ಹರಳು ಸಕ್ಕರೆ ಹಾಕಿದವಳಲ್ಲ. ಹೋದ ತಿಂಗಳು ಮೊಳಕಾಲ್ಮುರಿನಲ್ಲಿ ಷಡ್ಡಕನ ಮನೆಯ ಗೃಹಪ್ರವೇಶ. ಪಕ್ಕದಲ್ಲೇ ಊಟಕ್ಕೆ ಕೂತಿದ್ದ ಆ ಮಹಾತಾಯಿ, ಗಂಡನ ಎಲೆಗೆ ಬಂದ ಶೇಂಗಾ ಹೋಳಿಗೆಯನ್ನು ಇಡೀ ಪಂಕ್ತಿಯ ಎದುರಿಗೆ ವಾಪಸು ಕಳಿಸಿದ್ದಳು. ಈಗ ನೋಡಿದರೆ, ರಕ್ತದ ಕೊಬ್ಬಿಳಿಸಲು ಡಾಕ್ಟರು ಹಾಕಿದ ಹೊಸ ಇಂಜೆಕ್ಷನ್ನಿನಲ್ಲಿ ಔಷಧಿಯ ಜೊತೆ ಸಕ್ಕರೆಯನ್ನೇ ಕಟ್ಟಿದ್ದಾರಂತೆ.

ಹೇಳಿದವಳು ಫಾರ್ಮಸಿ ಓದುತ್ತಿರುವ ಮಗಳು ತ್ರಿವೇಣಿ. ಔಷಧಿ ಮೈಯೆಲ್ಲ ಅಲೆಯದೆ ನೇರ ಲಿವರಿಗೆ ಹೋಗಲಿ ಅಂತ ಅದಕ್ಕೊಂದು ಬಗೆಯ ಸಕ್ಕರೆ ಅಂಟಿಸಿರುತ್ತಾರೆ, ಆ ಸಕ್ಕರೆ ಸಿಕ್ಕರೆ ಲಿವರಿನ ಜೀವಕೋಶಗಳು ಹಿಡಿದು ಒಳಗೆಳೆದುಕೊಳ್ಳುತ್ತವೆ ಎಂದಳು. ಮಂಡಿಯಲ್ಲಿ ಚೀಲದ ಮೇಲಿನ ಗುರುತು ನೋಡಿ ಹಮಾಲರು ನಮ್ಮ ಮಿಲ್ಲಿಗೇ ತಂದಿಳಿಸುವುದಿಲ್ಲವೇ, ಹಾಗೆ ಎಂದು ಹೋಲಿಕೆಯನ್ನೂ ಕೊಟ್ಟಳು.

ಚೀಲವೇನೋ ಅರ್ಥವಾಯಿತು. ಆದರೆ ಲಿವರು ಕರೆದು ಒಳಗಿಟ್ಟುಕೊಳ್ಳುವ ಸಕ್ಕರೆ ಬಾಯಿಗೆ ಮಾತ್ರ ಯಾಕೆ ವಿಷ? ಒಂದು ಹೋಳಿಗೆ ತಿಂದರೆ ಔಷಧಿಗೆ ಬಲ ಬಂದೀತೋ, ಅದು ದಾರಿ ತಪ್ಪೀತೋ? ಆ ಸಕ್ಕರೆಯೇ ಬೇರೆ, ತಿನ್ನುವ ಸಿಹಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಮಗಳು ಸಾರಿ ಹೇಳಿದಳು. ಮುರುಗೇಂದ್ರಪ್ಪನವರು ಹುಟ್ಟಿದಾಗಿನಿಂದ ಕಂಡಿದ್ದು ಒಂದೇ ಸಕ್ಕರೆ. ಇಂಜೆಕ್ಷನ್ನಿಗಿಲ್ಲದ ಪಥ್ಯ ತಮಗೊಬ್ಬರಿಗೇ ಯಾಕೆ ಎಂದು ಅವರಿಗೆ ಹೊಟ್ಟೆ ಉರಿಯಿತು.

ಸಂಜೆ ಬಸವಲಿಂಗಮ್ಮ ಎರಡು ಲೋಟ ಚಹಾ ತಂದಿಟ್ಟು, ಫೋನು ಬಂತೆಂದು ಒಳಗೆ ಹೋದಳು. ಇದೇ ಸಮಯವೆಂದು ಅವರು ಹೆಂಡತಿಯ ಲೋಟ ಎತ್ತಿ ಗುಟುಕರಿಸಿದರು. ಸಪ್ಪೆ. ಲೋಟ ಅದಲುಬದಲಾಯಿತೇನೋ ಎಂದು ತಮ್ಮದನ್ನೂ ಕುಡಿದು ನೋಡಿದರು. ಅದೂ ಸಪ್ಪೆ. ಅಷ್ಟರಲ್ಲಿ ಆಕೆ ಬಂದು ನಿಂತಿದ್ದಳು.

"ನಿಂದಕ್ಕೆ ಸಕ್ರೆ ಹಾಕೋದು ಮರ್ತಿದೀಯ," ಎಂದರು, ಕಳ್ಳತನ ಮುಚ್ಚಿಕೊಳ್ಳಲು.

"ನಿಮಗೆ ಕಾಯಿಲೆ ಬಂದಾಗ್ಲೇ ಬಿಟ್ಟಿದೀನಿ. ಈಗ ಗೊತ್ತಾಯ್ತಾ?"

ಅವರಿಗೆ ಮೊಳಕಾಲ್ಮುರಿನ ಊಟ ನೆನಪಾಯಿತು. ವಾಪಸು ಹೋಗುತ್ತಿದ್ದ ಹೋಳಿಗೆಯನ್ನೇ ಕಣ್ಣು ಬಿಟ್ಟುಕೊಂಡು ನೋಡಿದ್ದರೇ ಹೊರತು ಪಕ್ಕದ ಎಲೆಯಲ್ಲಿ ಏನಿತ್ತೆಂದು ನೋಡಿರಲಿಲ್ಲ.

"ಅವತ್ತು ಹೋಳಿಗೆ ನೀನಾದ್ರೂ ತಿಂದ್ಯಾ?"

"ನಿಮ್ದನ್ನ ವಾಪಸ್ ಕಳ್ಸಿ ನಾನು ಹೆಂಗ್ರೀ ತಿನ್ಲಿ?"

ಮುರುಗೇಂದ್ರಪ್ಪನವರು ಸಪ್ಪೆ ಚಹಾವನ್ನು ತಳ ಕಾಣುವವರೆಗೆ ಕುಡಿದರು. ಲಿವರಿನ ವಿಷಯ ಅವರಿಗೆ ಇನ್ನೂ ಬಗೆಹರಿದಿರಲಿಲ್ಲ.

"ನಾಳೆ ಹೋಳಿಗೆ ಮಾಡು," ಎಂದರು. ಆಕೆ ಹುಬ್ಬು ಗಂಟಿಕ್ಕಿದಳು.

"ನನಗಲ್ಲ. ನೀನು ತಿನ್ನು. ನಾನು ನೋಡ್ಕೊಂಡು ಕೂತಿರ್ತೀನಿ."