ಪಕ್ಕೆಗೆ ಬಿದ್ದ ತೂತು

ಟೈರಿಗೆ ತೂತು ಬೀಳುವುದು ದೊಡ್ಡ ವಿಷಯವೇನಲ್ಲ. ನೆಲಕ್ಕೆ ತಾಗುವ ಭಾಗಕ್ಕೆ ಮೊಳೆ ಹೊಕ್ಕರೆ ಕಿತ್ತು, ಒಳಗಿನಿಂದ ಪ್ಯಾಚ್ ಹಾಕಿ, ಗಾಳಿ ತುಂಬಿ ಕಳಿಸಿದರೆ ಮುಗಿಯಿತು. ಅಲ್ಲಿ ರಬ್ಬರು ದಪ್ಪಗಿರುತ್ತದೆ, ಅದರ ಕೆಳಗೆ ನೂಲಿನ ಪದರದ ಮೇಲೆ ಪದರ. ಆದರೆ ಪಕ್ಕೆಗೆ ತೂತು ಬಿದ್ದರೆ ಆ ಟೈರು ಸತ್ತ ಹಾಗೆ. ಪಕ್ಕೆ ತೆಳು, ಚಕ್ರದ ಪ್ರತಿ ಸುತ್ತಿಗೂ ಒಂದು ಸಲ ಬಾಗಿ ಏಳುತ್ತದೆ. ಅಲ್ಲಿ ಯಾವ ಪ್ಯಾಚೂ ನಿಲ್ಲುವುದಿಲ್ಲ. ಇದನ್ನು ಸಾವಿರ ಸಲ ಹೇಳಿದರೂ "ಅಕ್ಕಾ, ಒಂದೇ ಒಂದು ಟ್ರಿಪ್ಪಿಗೆ ಆಗೋ ಹಾಗೆ ಹಾಕ್ಕೊಡಿ" ಎಂದು ಹಲ್ಲು ಕಿರಿಯುತ್ತ ಬರುವ ಡ್ರೈವರುಗಳನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಲಾರಿ ಹಳ್ಳಕ್ಕೆ ಬಿದ್ದ ಮೇಲೆ ಅಕ್ಕನೂ ಇಲ್ಲ, ತಂಗಿಯೂ ಇಲ್ಲ.

ನಮ್ಮ ಟೈರ್ ಅಂಗಡಿ ಇರುವುದು ಕಲ್ಲು ಕ್ವಾರಿಯ ಮಣ್ಣುರಸ್ತೆ ಡಾಂಬರು ರಸ್ತೆಗೆ ಸೇರುವ ಕಡೆ. ಅಪ್ಪ ಹಾಕಿದ್ದು. ತಗಡಿನ ಮಾಡು, ಮೂಲೆಯಲ್ಲಿ ಕೆಮ್ಮುವ ಕಂಪ್ರೆಸರ್, ತೂತು ಹುಡುಕಲು ನೀರಿನ ತೊಟ್ಟಿ, ಗೋಡೆಗೆ ಒರಗಿಸಿದ ಲಾರಿ ಟೈರುಗಳು. ಅಮ್ಮ ಇದ್ದಷ್ಟು ದಿನ ನಮ್ಮಿಬ್ಬರ ಬಟ್ಟೆಯನ್ನು ಬೇರೆ ಬಕೆಟ್ಟಿನಲ್ಲೇ ನೆನೆಹಾಕುತ್ತಿದ್ದಳು. "ಅಪ್ಪ ಮಗಳು ಇಬ್ರೂ ಮನೆಗೆ ಬಂದ್ರೆ ಮನೆಗೊಂದು ಲಾರಿ ಬಂದ ಹಾಗಾಗುತ್ತೆ" ಎಂದು ಮೂಗು ಮುಚ್ಚಿಕೊಳ್ಳುತ್ತಿದ್ದಳು. ಆ ರಬ್ಬರಿನ ವಾಸನೆ ನನಗೆ ಈಗಲೂ ಅಪ್ಪನ ವಾಸನೆಯೇ.

ಕ್ವಾರಿಯಲ್ಲಿ ಆಗಷ್ಟೇ ಒಡೆದ ಕಲ್ಲಿನ ಅಂಚು ಬ್ಲೇಡಿಗಿಂತ ಚೂಪು. ಗಾಳಿ ಕಮ್ಮಿಯಿದ್ದರೆ ಟೈರಿನ ಪಕ್ಕೆ ಹೊರಗೆ ಉಬ್ಬಿ ಆ ಕಲ್ಲಿಗೆ ಉಜ್ಜುತ್ತದೆ. ಹೊರಗಿನಿಂದ ನೋಡಿದರೆ ಬರೀ ಗೀರು. ಒಳಗೆ ನೂಲು ಕಡಿದುಹೋಗಿರುತ್ತದೆ, ಅದು ಕಣ್ಣಿಗೆ ಕಾಣುವುದಿಲ್ಲ. ಅದಕ್ಕೇ ಅಪ್ಪ ಟೈರನ್ನು ರಿಮ್ಮಿನಿಂದ ಬಿಚ್ಚಿ, ಒರೆಸಿ, ಅಂಗೈಯನ್ನು ಒಳಗಿಟ್ಟು ಸುತ್ತಲೂ ಸವರಿಕೊಂಡು ಬರುತ್ತಿದ್ದ. ಕಣ್ಣು ಮುಚ್ಚಿ, ಬಾಯಿ ಸ್ವಲ್ಪ ತೆರೆದು, ಪಕ್ಕದ ಮನೆಯ ಜಗಳ ಕೇಳಿಸಿಕೊಳ್ಳುವವನ ಹಾಗೆ. ನೂಲು ಕಡಿದ ಕಡೆ ಅಂಗೈಗೆ ಒಂದು ಚೂರು ಮೆತ್ತಗೆ ಸಿಗುತ್ತದೆ. ಸಿಕ್ಕರೆ ಬಿಳಿ ಬಣ್ಣದ ಡಬ್ಬಿ ಬರುತ್ತಿತ್ತು, ಟೈರಿನ ಮೇಲೆ ಗೇಣುದ್ದದ ಅಡ್ಡಗೆರೆ ಗುರುತು ಬೀಳುತ್ತಿತ್ತು. ಆಮೇಲೆ ಆ ಟೈರಿಗೆ ಗತಿಯಿಲ್ಲ. ಒಮ್ಮೆ ಕ್ವಾರಿಯ ಮೇಸ್ತ್ರಿ ಅರ್ಧ ಗಂಟೆ ವಾದ ಮಾಡಿದ. ಅಪ್ಪ ತುಟಿ ಪಿಟಕ್ಕೆನ್ನದೆ ಎದ್ದು ಹೋಗಿ ಅವನ ಕಾರಿನ ಟೈರಿಗೂ ಗುರುತು ಹಾಕಿ ಬಂದ! ಆ ಮೇಸ್ತ್ರಿ ಮತ್ತೆ ಬಾಯಿ ಬಿಡಲಿಲ್ಲ.

ಆ ರಸ್ತೆಯಲ್ಲಿ ಓಡಾಡುವ ಡ್ರೈವರುಗಳು ಅಪ್ಪನ ಕೈಯನ್ನು ನಂಬಿ ಘಟ್ಟದಲ್ಲಿ ಗಾಡಿ ಇಳಿಸುತ್ತಿದ್ದರು. ಅವರಲ್ಲಿ ಹಾರನ್ ಮಾಮ ಅಪ್ಪನ ಜೀವದ ಗೆಳೆಯ. ಅವನ ಲಾರಿಯ ಹಾರನ್ ಕೆಟ್ಟು ಎಷ್ಟೋ ವರ್ಷವಾಗಿತ್ತು. ಕಿಟಕಿಯಿಂದ ತಲೆ ಹೊರಗೆ ಹಾಕಿ ತಾನೇ ಕೂಗುತ್ತಿದ್ದ, ಎಮ್ಮೆಗಳು ಕೂಡ ದಾರಿ ಬಿಡುತ್ತಿದ್ದವು. ಅಂಗಡಿಯಲ್ಲಿ ಕೂತು ಮಾತಾಡಿದರೂ ಅದೇ ಗಂಟಲು.

ನನಗೆ ಮೂವತ್ತೆರಡಾಗಿದ್ದಾಗ, ಅಪ್ಪನ ಜೊತೆ ಹದಿನಾಲ್ಕು ವರ್ಷ ಕೆಲಸ ಮಾಡಿದ್ದಾಗ ನಡೆದ ಮಾತು ಇದು. ಒಂದು ದಿನ ಒಲೆಯಿಂದ ಆಗಷ್ಟೇ ಇಳಿಸಿದ ಟೀಯನ್ನು ಲೋಟಕ್ಕೆ ಬಗ್ಗಿಸಿ ಅಪ್ಪನ ಮುಂದಿಟ್ಟೆ. ನಾನು ಸೆರಗಿನಲ್ಲಿ ಹಿಡಿದು ತಂದಿದ್ದ ಲೋಟವನ್ನು ಅವನು ಇಡೀ ಅಂಗೈಯಲ್ಲಿ ಹಿಡಿದುಕೊಂಡು, ಆರಾಮಾಗಿ ಮಾತಾಡುತ್ತ ಕೂತ. ಮಾರನೇ ದಿನ ಅಂಗೈ ತುಂಬ ಬೊಬ್ಬೆ. "ಯಾವಾಗ ಸುಟ್ಟಿತೋ ಗೊತ್ತೇ ಆಗ್ಲಿಲ್ಲ ನೋಡು" ಎಂದು ನಕ್ಕ. ಅವನಿಗೆ ಸಕ್ಕರೆ ಕಾಯಿಲೆ ಬಂದು ಎಂಟು ವರ್ಷವಾಗಿತ್ತು. ಕಾಲು ಜೋಮು ಎನ್ನುತ್ತಿದ್ದ, ಕೈಯ ವಿಷಯ ಮಾತ್ರ ಎತ್ತುತ್ತಿರಲಿಲ್ಲ.

ಅದಾಗಿ ಒಂದು ವಾರಕ್ಕೆ ಹಾರನ್ ಮಾಮನ ಲಾರಿ ಬಂತು. ಮುಂದಿನ ಎಡಗಡೆ ಟೈರು ಬಿಚ್ಚಿದೆವು. ಅಪ್ಪ ಕಣ್ಣು ಮುಚ್ಚಿ ಅಂಗೈ ಸವರಿದ. ಸುತ್ತ ನಾಲ್ಕೈದು ಡ್ರೈವರುಗಳು ಟೀ ಕುಡಿಯುತ್ತ ನಿಂತಿದ್ದರು.

"ಗಟ್ಟಿ ಇದೆ. ಗಾಳಿ ಹಾಕು" ಎಂದ.

ನಾನು ಟೈರನ್ನು ಉರುಳಿಸಿಕೊಂಡು ಹೋಗುವಾಗ ಅಭ್ಯಾಸಬಲದಿಂದ ಒಳಗೆ ಕೈ ಆಡಿಸಿದೆ. ಪಕ್ಕೆಯಲ್ಲಿ ಅಂಗೈಯಗಲ ಜಾಗ ಮೆತ್ತಗೆ. ಚೂರಲ್ಲ, ಅಂಗೈಯಗಲ! ಅಪ್ಪನ ಕೈ ಅದರ ಮೇಲೇ ಹಾದುಹೋಗಿತ್ತು.

"ಅಪ್ಪ, ಇನ್ನೊಂದ್ಸಲ ನೋಡ್ತೀಯಾ?" ಎಂದೆ, ಆದಷ್ಟು ಮೆಲ್ಲಗೆ.

"ನಾನು ನೋಡಿದ್ಮೇಲೆ ನೋಡೋಕೆ ಇನ್ನೇನಿದೆ?"

ಡ್ರೈವರುಗಳು ನಕ್ಕರು. ಹಾರನ್ ಮಾಮ ಎಲ್ಲರಿಗಿಂತ ಜೋರಾಗಿ ನಕ್ಕ. ಪಾಪ, ಆ ಟೈರಿನಲ್ಲಿ ಘಟ್ಟದ ಒಂಬತ್ತು ತಿರುವು ಇಳಿಯಬೇಕಾದವನು ಅವನೇ. ಮುಂದಿನ ಟೈರು ಒಡೆದರೆ ಸ್ಟೀರಿಂಗ್ ಕೈಯಲ್ಲಿ ನಿಲ್ಲುವುದಿಲ್ಲ.

ನಾನೇನು ಮಾಡಬೇಕಿತ್ತು, ನೀವೇ ಹೇಳಿ. ಬಾಯಿ ಬಿಟ್ಟು ಹೇಳಿದರೆ 'ಮುದುಕನ ಕೈ ಹೋಯ್ತಂತೆ' ಎಂಬ ಸುದ್ದಿ ಸಂಜೆಯೊಳಗೆ ಕ್ವಾರಿ ಮುಟ್ಟುತ್ತಿತ್ತು. ಆ ಕೈ ಒಂದನ್ನು ಬಿಟ್ಟರೆ ಅಪ್ಪನ ಬಳಿ ಬೇರೆ ಏನೂ ಇರಲಿಲ್ಲ. ಹೇಳದಿದ್ದರೆ ಹಾರನ್ ಮಾಮನ ಹೆಂಡತಿಗೆ ಯಾವ ಮುಖ ತೋರಿಸುವುದು? ಟೈರಿನ ಸಂದಿಯಲ್ಲಿ ಸಿಕ್ಕಿಕೊಂಡ ಕಲ್ಲು ಕೀಳಲು ನಮ್ಮ ಬಳಿ ಚೂಪು ಮೂತಿಯ ಒಂದು ಕಬ್ಬಿಣದ ಕಡ್ಡಿ ಇರುತ್ತದೆ. ಅದನ್ನು ತೆಗೆದುಕೊಂಡು ಕಲ್ಲು ಕೀಳುವವಳ ಹಾಗೆ ಕುಕ್ಕರಗಾಲಿನಲ್ಲಿ ಕೂತೆ. ಎರಡು ಕಲ್ಲು ಕಿತ್ತೆ. ಮೂರನೆಯದಕ್ಕೆ ಕಡ್ಡಿಯನ್ನು ಜಾರಿಸಿ, ಸೀದಾ ಆ ಮೆತ್ತಗಿನ ಜಾಗಕ್ಕೆ ಹಾಕಿದೆ. ಪಚಕ್ಕನೆ ಒಳಗೆ ಹೋಯಿತು.

"ಅಯ್ಯೋ, ಕೈ ತಪ್ಪಿತು!" ಎಂದು ಕೂಗಿಕೊಂಡೆ.

ಅಪ್ಪ ಬಂದ. ತೂತಿಗೆ ಕಿರುಬೆರಳು ಹಾಕಿ ನೋಡಿದ. ಸ್ವಲ್ಪ ಹೊತ್ತು ಹಾಗೇ ಬಗ್ಗಿಕೊಂಡೇ ಇದ್ದ. ಆಮೇಲೆ ಎದ್ದವನು ಬೈದ ನೋಡಿ, ಹುಟ್ಟಿದಾಗಿನಿಂದ ಅಷ್ಟು ಬೈಗುಳ ನಾನು ತಿಂದಿರಲಿಲ್ಲ. "ನಿನ್ನ ಕೈಗೆ ಏನು ಬಂದಿದೆ? ಹದಿನಾಲ್ಕು ವರ್ಷ ಏನು ಮಣ್ಣು ಕಲ್ತೆ? ಕಣ್ಣು ಎಲ್ಲಿ ಇಟ್ಕೊಂಡಿದ್ದೆ? ಒಳ್ಳೇ ಟೈರು ಹಾಳು ಮಾಡಿದ್ಯಲ್ಲೇ ದಂಡಪಿಂಡ!" ಡ್ರೈವರುಗಳು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. ಅಪ್ಪ ಬೈಯುತ್ತಲೇ ಬಿಳಿ ಗುರುತು ಹಾಕಿ, ಹಾರನ್ ಮಾಮನಿಗೆ ಬೇರೆ ಟೈರು ಕೊಟ್ಟು, ಅದು ಹೇಗೆ ಓಡುತ್ತದೆ ನೋಡಿ ಬರುತ್ತೇನೆಂದು ತಾನೂ ಅವನ ಲಾರಿ ಹತ್ತಿದ. ನಾನು ತೊಟ್ಟಿಯ ಹಿಂದೆ ನಿಂತು ಮುಖ ತೊಳೆದುಕೊಂಡೆ. ಅವಮಾನವೂ ಆಗಿತ್ತು, ಜೀವಕ್ಕೆ ನೆಮ್ಮದಿಯೂ ಆಗಿತ್ತು.

ಮಾರನೇ ದಿನ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುತ್ತಲೇ ಅಪ್ಪ ಹೇಳಿದ: "ಇವತ್ತಿಂದ ನಾನು ನೋಡಿದ ಟೈರಿಗೆಲ್ಲ ನೀನೂ ಕೈ ಹಾಕು. ಕೈ ತಪ್ಪೋಳು ನೀನು, ಕಲಿಬೇಕು."

ಹಾಗೇ ನಾಲ್ಕು ವರ್ಷ ನಡೆಯಿತು. ಅವನು ಸವರಿದ ಮೇಲೆ ನಾನು ಸವರುತ್ತಿದ್ದೆ. ಅವನು ನನ್ನ ಮುಖ ನೋಡುತ್ತಿದ್ದ. ನಾನು ರೆಪ್ಪೆ ಬಡಿದರೆ ಬಣ್ಣದ ಡಬ್ಬಿಗೆ ಕೈ ಹಾಕುತ್ತಿದ್ದ. ಹಾರನ್ ಮಾಮ ನನಗೆ ಚುಚ್ಚಮ್ಮ ಎಂದು ಹೆಸರಿಟ್ಟ, ಆ ಗಂಟಲಿನಲ್ಲಿ ಇಟ್ಟ ಹೆಸರು ಊರಿಗೆಲ್ಲ ಕೇಳಿತು. ಅಪ್ಪ ತೀರಿಕೊಂಡ. ನಾನು ಕೆಲಸಗೇಡಿ ಎಂದುಕೊಂಡೇ ಹೋದನಲ್ಲ ಎಂಬ ಕೊರಗು ನನ್ನಲ್ಲಿ ಉಳಿಯಿತು. ಒಳ್ಳೆಯದಕ್ಕೇ ಮಾಡಿದ್ದು, ಗೊತ್ತು. ಆದರೂ ಅವನ ಬಾಯಿಂದ ಒಂದು ಸಲ ಭೇಷ್ ಅನ್ನಿಸಿಕೊಳ್ಳಬೇಕಿತ್ತು ಎಂದು ಈ ಇಪ್ಪತ್ತೊಂಬತ್ತು ವರ್ಷದಲ್ಲಿ ಎಷ್ಟು ಸಲ ಅನ್ನಿಸಿದೆಯೋ. ಯಾರಿಗೂ ನಿಜ ಹೇಳಲಿಲ್ಲ, ಗಂಡನಿಗೂ ಹೇಳಲಿಲ್ಲ.

ಈಗ ನನಗೆ ಅರವತ್ತೊಂದು. ಮಗಳು ನನ್ನ ಜೊತೆ ಅಂಗಡಿಗೆ ಬರಲು ಶುರು ಮಾಡಿ ಹನ್ನೊಂದು ವರ್ಷವಾಯಿತು. ಹಾರನ್ ಮಾಮ ಸ್ಟೀರಿಂಗ್ ಬಿಟ್ಟಿದ್ದಾನೆ, ಗಂಟಲು ಬಿಟ್ಟಿಲ್ಲ. ದಿನಾ ಬಂದು ಬಾಗಿಲ ಬಳಿ ಹಳೇ ಟೈರಿನ ಮೇಲೆ ಕೂತು ಹೋಗಿಬರುವ ಲಾರಿಗಳಿಗೆಲ್ಲ ಬುದ್ಧಿ ಹೇಳುತ್ತಾನೆ. ನನ್ನ ಕೈಗೆ ಏನೂ ಆಗಿಲ್ಲ. ಸೀರೆಯ ಮೇಲೆ ತೊಡುವ ಕೆಲಸದ ಅಂಗಿಯ ಗುಂಡಿ ಹಾಕುವಾಗ ಬೆರಳು ತಡವರಿಸುತ್ತದೆ, ಅದು ಗುಂಡಿಯ ತಪ್ಪು ಎಂದೇ ಕಳೆದ ತಿಂಗಳವರೆಗೂ ನಾನು ವಾದ ಮಾಡುತ್ತಿದ್ದೆ.

ಕಳೆದ ತಿಂಗಳು ಒಂದು ಟಿಪ್ಪರ್ ಬಂತು. ಮುಂದಿನ ಟೈರು ಬಿಚ್ಚಿ, ಕಣ್ಣು ಮುಚ್ಚಿ, ಸುತ್ತಲೂ ಸವರಿದೆ. "ಗಟ್ಟಿ ಇದೆ, ಹಾಕು" ಎಂದು ಮಗಳಿಗೆ ಹೇಳಿ, ಡ್ರೈವರಿಗೆ ಗಾಳಿ ಕಮ್ಮಿ ಇಟ್ಟು ಓಡಿಸಿದ್ದಕ್ಕೆ ಬೈಯುತ್ತ ನಿಂತೆ.

"ಅಯ್ಯೋ!" ಎಂದಳು ಮಗಳು ಹಿಂದಿನಿಂದ.

ತಿರುಗಿ ನೋಡಿದರೆ ಕಲ್ಲು ಕೀಳುವ ಕಡ್ಡಿ ಪಕ್ಕೆಯೊಳಗೆ ಹಿಡಿಯವರೆಗೂ ಹೋಗಿದೆ.

"ಏನೇ ಇದು!"

"ಕೈ ತಪ್ಪಿತಮ್ಮ. ನಿನ್ನ ಮಗಳಲ್ವಾ?"

ನನ್ನ ಪಿತ್ತ ನೆತ್ತಿಗೇರಿತು. ಓಡಿ ಹೋಗಿ ಕಡ್ಡಿ ಕಿತ್ತು ತೂತಿಗೆ ಕಿರುಬೆರಳು ಹಾಕಿದೆ. ಜೋಮು ಹಿಡಿದ ಬೆರಳಿಗೆ ಏನೂ ತಿಳಿಯಲಿಲ್ಲ. ಬಗ್ಗಿ ಕಣ್ಣಿಟ್ಟು ನೋಡಿದೆ. ಒಳಗೆ ನೂಲಿನ ತುದಿಗಳು ಒಂದೂ ಹೊಸದಾಗಿ ಹರಿದದ್ದಲ್ಲ, ಎಲ್ಲ ಹಳೆಯವು, ಕಪ್ಪಿಟ್ಟು ಮೊಂಡಾಗಿದ್ದವು. ಕೈ ತಪ್ಪಿ ಜಾರಿದ ಕಡ್ಡಿ ಗಟ್ಟಿ ಪಕ್ಕೆಗೆ ತಾಗಿದರೆ ಗೀರು ಬೀಳುತ್ತದೆ, ಅಷ್ಟೇ. ನೂಲು ಗಟ್ಟಿಯಿದ್ದರೆ ಒಳಗೆ ತೂರುವುದೇ ಇಲ್ಲ. ಟೈರಿನ ಕೆಲಸ ಬಲ್ಲ ಯಾರಿಗೂ ಆ ಸುಳ್ಳನ್ನು ಮಾರಲು ಆಗುವುದಿಲ್ಲ. ಹದಿನಾಲ್ಕು ವರ್ಷ ಟೈರು ಬಿಚ್ಚಿದ್ದ ನನಗೆ ಆವತ್ತು ಅಷ್ಟೂ ಹೊಳೆದಿರಲಿಲ್ಲ. ಅಪ್ಪನನ್ನು ಏಮಾರಿಸಿದೆ ಎಂದುಕೊಂಡು ಇಷ್ಟು ವರ್ಷ ಬದುಕಿದ್ದೆ, ಎಂಥ ಪೆದ್ದಿ ನಾನು!

ತಲೆ ಎತ್ತಿದೆ. ಮಗಳು ತುಟಿ ಕಚ್ಚಿಕೊಂಡು, ಬೈಗುಳಕ್ಕೆ ತಯಾರಾಗಿ ನಿಂತಿದ್ದಳು. ಟಿಪ್ಪರ್ ಡ್ರೈವರ್ ನನ್ನನ್ನೇ ನೋಡುತ್ತಿದ್ದ. ನಾನು ಶುರು ಮಾಡಿದೆ. "ನಿನ್ನ ಕೈಗೆ ಏನು ಬಂದಿದೆ? ಏನು ಮಣ್ಣು ಕಲ್ತೆ ಇಷ್ಟು ದಿನ? ಒಳ್ಳೇ ಟೈರು ಹಾಳು ಮಾಡಿದ್ಯಲ್ಲೇ!" ಬೈಯುತ್ತಲೇ ಬಿಳಿ ಗುರುತು ಹಾಕಿದೆ. ಬೇರೆ ಟೈರು ಹಾಕಿಸಿಕೊಂಡು ಟಿಪ್ಪರ್ ಹೋಯಿತು. ಮಗಳು ಕಂಪ್ರೆಸರ್ ಹತ್ತಿರ ಹೋದಳು.

ಹಾರನ್ ಮಾಮ ನನ್ನನ್ನು ಕೈಸನ್ನೆ ಮಾಡಿ ಕರೆದ. ಜೀವನದಲ್ಲಿ ಮೊದಲ ಸಲ ಅವನು ಮೆಲ್ಲಗೆ ಮಾತಾಡಿದ್ದನ್ನು ಕೇಳಿದೆ.

"ಆವತ್ತು ನಿಮ್ಮಪ್ಪ ನನ್ನ ಜೊತೆ ಲಾರೀಲಿ ಘಟ್ಟದ ಮೊದಲ ತಿರುವಿನವರೆಗೂ ಬಂದ ಕಣಮ್ಮ. ದಾರಿಯುದ್ದಕ್ಕೂ ಅತ್ತ. ನೀನು ಬೇಕಂತಲೇ ಚುಚ್ಚಿದ್ದು ನನಗೂ ಗೊತ್ತಾಗಿತ್ತು, 'ನಮಗೆ ತಿಳೀತು ಅಂತ ನಿನ್ನ ಮಗಳಿಗೆ ಹೇಳೋಣ ಕಣೋ' ಅಂದೆ. 'ಬೇಡ, ಅಪ್ಪನಿಗೆ ಗೊತ್ತಾಗಿಲ್ಲ ಅಂತ ಖುಷಿಯಾಗಿದ್ದಾಳೆ, ಹಾಗೇ ಇರ್ಲಿ' ಅಂದ."

"ಇಷ್ಟು ವರ್ಷ ಚುಚ್ಚಮ್ಮ ಚುಚ್ಚಮ್ಮ ಅಂತ ಕೂಗಿದ್ರಲ್ಲ ಮಾಮ, ಒಂದು ದಿನ ಹೇಳ್ಬಾರದಿತ್ತಾ?"

"ಅವನು ಆಣೆ ಹಾಕಿಸ್ಕೊಂಡಿದ್ದ" ಎಂದು ಮಾಮ ಕಣ್ಣೊರೆಸಿಕೊಂಡ. "ಅದಕ್ಕೇ ಆ ಹೆಸರಿಟ್ಟಿದ್ದು. ಕೂಗಿದಾಗಲೆಲ್ಲ ನಿಮ್ಮಪ್ಪನ ಮುಖ ಅರಳೋದು."

ನಾನು ತೊಟ್ಟಿಯ ಹಿಂದೆ ಹೋಗಿ ಮುಖ ತೊಳೆದುಕೊಂಡೆ. ಎಷ್ಟು ತೊಳೆದರೂ ಸಾಲಲಿಲ್ಲ.

ಮಾರನೇ ದಿನ ಬೆಳಿಗ್ಗೆ ಮೊದಲ ಲಾರಿ ಬಂತು. ಟೈರು ಬಿಚ್ಚಿ, ಒಳಗೆ ಅಂಗೈ ಸವರಿದೆ. ಆಮೇಲೆ ಮಗಳನ್ನು ಕರೆದೆ.

"ಇವತ್ತಿಂದ ನಾನು ನೋಡಿದ ಟೈರಿಗೆಲ್ಲ ನೀನೂ ಕೈ ಹಾಕು."

"ಯಾಕಮ್ಮ?"

"ಕೈ ತಪ್ಪೋಳು ನೀನು, ಕಲಿಬೇಕು."

ಅವಳು ಕೈ ಒರೆಸಿಕೊಂಡು ಬಂದು ಟೈರಿನೊಳಗೆ ಅಂಗೈ ಇಟ್ಟಳು. ನಾನು ಅವಳ ಮುಖ ನೋಡುತ್ತ ನಿಂತೆ.