ಹಳದಿ ಬಕೆಟ್ಟು

ವ್ಯಾಯಾಮಶಾಲೆಯ ಮೂಲೆಗೆ ಹಳದಿ ಬಕೆಟ್ಟು ಬಂದು ಕೂತ ದಿನದಿಂದ ಅತ್ತೆಗೆ ಆ ಕಡೆ ಮುಖ ಮಾಡಿ ಉಸಿರಾಡುವುದೇ ಕಷ್ಟವಾಗಿತ್ತು.

ಅವಳನ್ನು ಅತ್ತೆ ಎಂದು ಕರೆಯುವ ಹಕ್ಕಿದ್ದದ್ದು ಅಣ್ಣನ ಮಗಳು ಕಡ್ಡಿಗೆ ಮಾತ್ರ. ನಾನೂರು ಮೀಟರ್ ಓಡುವ ಹುಡುಗಿ, ಓದಿಗೂ ಓಟಕ್ಕೂ ಅನುಕೂಲವೆಂದು ಅತ್ತೆಯ ಮನೆಯಲ್ಲೇ ಇದ್ದಳು. ಆದರೆ ಕಡ್ಡಿಯ ಬಾಯಲ್ಲಿ ಕೇಳಿ ಕೇಳಿ ಇಡೀ ವ್ಯಾಯಾಮಶಾಲೆಗೇ ಅವಳು ಅತ್ತೆಯಾಗಿಬಿಟ್ಟಿದ್ದಳು. ಗುಂಡು ಎಸೆಯುವ ಬಂಡೆ, ಅತ್ತೆಯಂಥವರಿಬ್ಬರನ್ನು ಕಂಕುಳಲ್ಲಿ ಇರುಕಿಕೊಂಡು ಮೆಟ್ಟಿಲು ಹತ್ತಬಲ್ಲ ಭೂಪ, ಅವನೂ "ಅತ್ತೆ, ಸೊಂಟ ಹಿಡ್ಕೊಂಡಿದೆ" ಎಂದು ಮಗುವಿನ ಹಾಗೆ ಬಂದು ನಿಲ್ಲುತ್ತಿದ್ದ.

ಓಡುವವರ, ಎಸೆಯುವವರ, ನೆಗೆಯುವವರ ಮೈಗೆ ಬಲ ತುಂಬುವುದು ಅತ್ತೆಯ ಕೆಲಸ. ಬೆಳಿಗ್ಗೆ ಬಾಗಿಲು ತೆಗೆದವಳೇ ಕಬ್ಬಿಣದ ಸಲಾಕೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವಳು. ಮೈ ಎಂಬುದು ಪಕ್ಕದ ಮನೆಯಿಂದ ಎರವಲು ತಂದ ಪಾತ್ರೆಯಿದ್ದ ಹಾಗೆ, ಉಜ್ಜಿ ತೊಳೆದು ಹೊಳೆಯುವಂತೆ ಹಿಂದಿರುಗಿಸಬೇಕೇ ಹೊರತು ನೆಗ್ಗಿಸಿಕೊಡಬಾರದು ಎಂಬುದು ಅವಳ ಭಕ್ತಿ. ಕಡ್ಡಿಯ ತೊಡೆಯ ಹಿಂದಿನ ಸ್ನಾಯು ಹರಿದುಹೋದಾಗಲೂ ಅವಳು ಆತುರಪಡಲಿಲ್ಲ. ಬರಿಯ ಸಲಾಕೆಯನ್ನು ಹೆಗಲ ಮೇಲಿಟ್ಟು ಕೂರಿಸಿ ಏಳಿಸಿ, ಹುಡುಗಿ ಬೇಸತ್ತು ಅತ್ತರೂ ತೂಕ ಹೆಚ್ಚಿಸದೆ, ಬೀಜಕ್ಕೆ ನೀರು ಹನಿಸಿದ ಹಾಗೆ ಆ ಕಾಲನ್ನು ಮತ್ತೆ ಚಿಗುರಿಸಿದ್ದಳು.

ಆಮೇಲೆ ಹೊಸ ಮುಖ್ಯ ಕೋಚ್ ಬಂದರು. ಜೊತೆಗೆ ಬಕೆಟ್ಟೂ ಬಂತು.

ಅವರ ನಿಯಮ ಸರಳವಾಗಿತ್ತು. ತೂಕ ಹೇರಿದ ಸ್ಲೆಡ್ಡನ್ನು, ಅಂದರೆ ಚಕ್ರವಿಲ್ಲದ ಕಬ್ಬಿಣದ ಬಂಡಿಯನ್ನು, ನೆಲದ ಮೇಲೆ ತಳ್ಳಿಕೊಂಡು ಆ ಗೋಡೆಯಿಂದ ಈ ಗೋಡೆಗೆ ಓಡಬೇಕು. ಎಲ್ಲಿಯವರೆಗೆ? ವಾಂತಿಯಾಗುವವರೆಗೆ. ಯಾರಾದರೂ ಬಾಯಿ ಮುಚ್ಚಿಕೊಂಡು ಬಕೆಟ್ಟಿನ ಕಡೆ ಓಡಿದರೆ ಉಳಿದವರೆಲ್ಲ ಚಪ್ಪಾಳೆ ತಟ್ಟಬೇಕು. ಕಕ್ಕಿದವರು ಬಾಯಿ ಒರೆಸಿಕೊಂಡು, ಹಿಡಿತಕ್ಕೆಂದು ಇಟ್ಟ ಬಿಳಿ ಪುಡಿಯಲ್ಲಿ ಅಂಗೈ ಅದ್ದಿ ಗೋಡೆಗೆ ಒತ್ತಬೇಕು.

"ಗೋಡೆ ಮೇಲೆ ಕೈ ಇಲ್ಲದೋರಿಗೆ ನನ್ನ ತಂಡದಲ್ಲಿ ಜಾಗ ಇಲ್ಲ," ಎಂದರು ಮುಖ್ಯ ಕೋಚ್.

ಪ್ರತಿ ಸಲವೂ ಅವರು ಬಕೆಟ್ಟಿನೊಳಗೆ ಬಗ್ಗಿ ನೋಡುತ್ತಿದ್ದರು, ಮುಚ್ಚಳ ತೆಗೆದು ಅಡುಗೆ ಬೆಂದಿದೆಯೇ ಎಂದು ನೋಡುವವರ ಹಾಗೆ. ನೋಡಿ, ತೃಪ್ತಿಯಿಂದ ತಲೆಯಾಡಿಸುತ್ತಿದ್ದರು. ವಾಂತಿಗಿಂತ ಹೆಚ್ಚಾಗಿ ಆ ತಲೆಯಾಡಿಸುವಿಕೆಯೇ ಅತ್ತೆಗೆ ಹೇಸಿಗೆ ತರುತ್ತಿತ್ತು. ರೋಗಿಯ ವಾಂತಿಯನ್ನು ಬಾಚುವಾಗ ಅವಳಿಗೆ ಹೇಸಿಗೆಯಾದದ್ದಿಲ್ಲ. ತನ್ನ ತಾಯಿಗೆ ಕೊನೆಗಾಲದಲ್ಲಿ ಎಲ್ಲವನ್ನೂ ಮಾಡಿದವಳು. ಇಲ್ಲಿ ಮೈ ನರಳುವುದನ್ನು ಮೆರವಣಿಗೆ ಮಾಡುತ್ತಿದ್ದರು. ಚಪ್ಪಾಳೆಯ ಸದ್ದಿಗೆ ಅವಳ ಮೈಯೆಲ್ಲ ಮುಳ್ಳೇಳುತ್ತಿತ್ತು.

ಗೋಡೆ ತುಂಬುತ್ತ ಬಂತು. ಕಡ್ಡಿಯ ಕೈ ಮಾತ್ರ ಇರಲಿಲ್ಲ. ಸ್ಲೆಡ್ಡು ತಳ್ಳಿ ತಳ್ಳಿ ಮುಖ ಕೆಂಪಾಗುತ್ತಿತ್ತು, ವಾಂತಿ ಮಾತ್ರ ಬರುತ್ತಿರಲಿಲ್ಲ.

"ಏನೇ ಕಡ್ಡಿ, ತಿಂದಿದ್ದಕ್ಕೆ ಗೋಂದು ಹಾಕಿ ಅಂಟಿಸ್ಕೊಂಡಿದ್ದೀಯಾ?" ಎಂದ ಬಂಡೆ. ಎಲ್ಲರೂ ನಕ್ಕರು.

ಮನೆಗೆ ಹೋಗುವ ದಾರಿಯಲ್ಲಿ ಅವಳು ಕೇಳಿದಳು: "ಅತ್ತೆ, ನನಗೆ ಯಾಕೆ ಬರಲ್ಲ?"

"ಬರಬಾರದು ಅಂತಾನೇ ಕಣೇ ಇಷ್ಟು ದಿನ ನಿನ್ನ ಎದೆ, ಉಸಿರು ಎಲ್ಲ ಹದ ಮಾಡಿದ್ದು. ಬರದೇ ಇರೋದು ನಿನ್ನ ಗಟ್ಟಿತನ."

"ನಿನ್ನ ಗಟ್ಟಿತನ ಇಟ್ಕೊಂಡು ನಾನು ಬೆಂಚ್ ಮೇಲೆ ಕೂರ್ಲಾ?"

ಅತ್ತೆ ಹುಡುಗಿಯ ಚೀಲವನ್ನು ತನ್ನ ಹೆಗಲಿಗೆ ಹಾಕಿಕೊಂಡಳು.

ತಂಡ ಆರಿಸುವ ಹಿಂದಿನ ದಿನ ಬೆಳಿಗ್ಗೆ ಕಡ್ಡಿ ಬಟ್ಟೆ ಬದಲಿಸುವ ಕೋಣೆಯಿಂದ ಬಂದವಳೇ ಸ್ಲೆಡ್ಡಿಗೆ ಕೈ ಹಚ್ಚಿದಳು. ಒಂದು ಸುತ್ತು ಮುಗಿಯುವ ಮೊದಲೇ ಬಕೆಟ್ಟಿನತ್ತ ಓಡಿದಳು. ಚಪ್ಪಾಳೆ ಮೊಳಗಿತು. ಗೋಡೆಯ ಮೇಲೆ ಸಣ್ಣದೊಂದು ಬಿಳಿ ಕೈ ಮೂಡಿತು. ಮುಖ್ಯ ಕೋಚ್ ಅವಳ ಬೆನ್ನು ತಟ್ಟಿದರು.

ಗುಡಿಸುವಾಕೆ ಆ ಬಕೆಟ್ಟನ್ನು ಮುಟ್ಟುವುದಿಲ್ಲವೆಂದು ಎಂದೋ ಹೇಳಿಬಿಟ್ಟಿದ್ದರಿಂದ ಅದನ್ನು ಚರಂಡಿಗೆ ಚೆಲ್ಲುವ ಕೆಲಸ ಅತ್ತೆಯದೇ ಆಗಿತ್ತು. ಅವಳು ಮೂಗು ಬಿಗಿಹಿಡಿದು ಎತ್ತಿಕೊಂಡು ಹೋದಳು. ಹಿತ್ತಲಲ್ಲಿ ಉಸಿರು ಬಿಟ್ಟಾಗ ಹುಳಿ ವಾಸನೆಯೇ ಬರಲಿಲ್ಲ. ಇಷ್ಟು ದಿನ ಮುಖ ತಿರುಗಿಸಿಯೇ ಚೆಲ್ಲುತ್ತಿದ್ದವಳು ಇಂದು ಬಗ್ಗಿ ನೋಡಿದಳು. ನೀರು, ಅದರಲ್ಲಿ ಅಗಿಯದೆ ನುಂಗಿದ ಬಾಳೆಹಣ್ಣಿನ ತುಂಡುಗಳು. ಹೊಟ್ಟೆ ಅದನ್ನಿನ್ನೂ ಮುಟ್ಟಿಯೇ ಇರಲಿಲ್ಲ.

ಅವಳು ಬಟ್ಟೆ ಬದಲಿಸುವ ಕೋಣೆಗೆ ಹೋದಳು. ಶೌಚದ ನೀರಿನ ತೊಟ್ಟಿಯ ಹಿಂದೆ ಒಂದು ಪ್ಲಾಸ್ಟಿಕ್ ಬಾಟಲಿಯಿತ್ತು, ತಳದಲ್ಲಿ ಕರಗದ ಉಪ್ಪು. ಬಾಟಲಿಯ ಬಾಯಿಗೆ ಯಾರ ಯಾರದೋ ಜೊಲ್ಲು ಒಣಗಿ ಲೋಳೆ ಕಟ್ಟಿತ್ತು. ಹಿಡಿದ ಕೈಯನ್ನು ಅವಳು ಉಡುಪಿಗೆ ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು.

ಹೊರಗಿದ್ದ ಬಂಡೆಯನ್ನು ಕರೆದು ಬಾಟಲಿ ತೋರಿಸಿದಳು. ಅವನು ತನ್ನ ಬೂಟು ನೋಡಿಕೊಂಡ.

"ಎಲ್ಲರದ್ದೂ ಅದೇ ಅತ್ತೆ. ಹುಡುಗರ ಕೋಣೆಯಲ್ಲೂ ಒಂದಿದೆ. ಮೊದಮೊದಲು ಒಂದಿಬ್ಬರಿಗೆ ನಿಜವಾಗ್ಲೂ ಬಂತು. ಆಮೇಲೆ ಯಾರಿಗೂ ಬರ್ಲಿಲ್ಲ. ಉಪ್ಪುನೀರು ಕುಡಿದು ಬಂದು ಬಕೆಟ್ಟಿನ ಮುಂದೆ ಗಂಟಲಿಗೆ ಬೆರಳು ಹಾಕ್ಕೊಂಡ್ರೆ ತಡವಾಗಲ್ಲ."

ಅತ್ತೆ ನೇರವಾಗಿ ಮುಖ್ಯ ಕೋಚ್ ಕೂತಿದ್ದ ಕೋಣೆಗೆ ಹೋಗಿ ಬಾಟಲಿಯನ್ನು ಮೇಜಿನ ಮೇಲಿಟ್ಟಳು.

"ಸಾರ್, ಮಕ್ಕಳು ನಿಮಗೆ ಮೋಸ ಮಾಡ್ತಿದ್ದಾರೆ. ಬೆರಳು ಹಾಕ್ಕೊಂಡು ಕಕ್ತಿದ್ದಾರೆ. ಈ ಬಕೆಟ್ಟು ಸಾಕು ಮಾಡಿ."

ಅವರು ಬಾಟಲಿಯನ್ನು ನೋಡಿದರು, ಅವಳನ್ನು ನೋಡಿದರು. ನಕ್ಕರು.

"ಗೊತ್ತು ಮೇಡಂ. ಎರಡನೇ ವಾರದಿಂದಾನೇ ಗೊತ್ತು."

"ಗೊತ್ತಿದ್ದೂ ಚಪ್ಪಾಳೆ ತಟ್ಟಿಸ್ತಿದ್ದೀರಾ?"

"ಕೂತ್ಕೊಳ್ಳಿ. ನನಗೆ ವಾಂತಿ ಯಾಕೆ ಬೇಕು ಹೇಳಿ? ನಾನು ಹೇಳಿದ್ದಕ್ಕೆ ಬಾಯೊಳಗೆ ಬೆರಳು ಹಾಕ್ಕೊಳ್ಳೋವರೆಗೂ ಹೋಗ್ತಾರಲ್ಲ, ಅದು ಬೇಕಿತ್ತು. ಇನ್ಮೇಲೆ ಏನು ಹೇಳಿದ್ರೂ ಮಾಡ್ತಾರೆ. ನಿಮ್ಮ ಹುಡುಗಿಯೊಬ್ಬಳೇ ಬಗ್ಗದೆ ನಿಂತಿದ್ದಳು. ಇವತ್ತು ಅವಳೂ ಬಂದಳು. ಒಳ್ಳೇದಾಯ್ತು."

ಅತ್ತೆ ಕೂರಲಿಲ್ಲ. ಆ ಮನುಷ್ಯ ಹಲ್ಲು ಉಜ್ಜಿ, ಕೂದಲು ಬಾಚಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂತಿದ್ದ. ಬಕೆಟ್ಟಿನಲ್ಲಿ ಇಲ್ಲದ ಹುಳಿ ವಾಸನೆ ಈ ಕೋಣೆಯಲ್ಲಿದೆ ಎನ್ನಿಸಿತು. ಭಗವಂತ, ಇವನ ಕೈಗೆ ನಿನ್ನ ಪಾತ್ರೆಗಳನ್ನು ಯಾಕೆ ಕೊಟ್ಟೆ ಎಂದು ಅವಳ ಮನಸ್ಸು ಕೇಳಿಕೊಂಡಿತು.

ಹೊರಬಂದವಳು ಒದ್ದೆ ಬಟ್ಟೆ ತೆಗೆದುಕೊಂಡು ಗೋಡೆಯ ಬಳಿಗೆ ನಡೆದಳು. ಎಲ್ಲರ ಕಣ್ಣೆದುರಿಗೆ ಆ ಸಣ್ಣ ಬಿಳಿ ಕೈಯನ್ನು ಒರೆಸಿಹಾಕಿದಳು. ಸಲಾಕೆಗಳ ಸದ್ದು ನಿಂತುಹೋಯಿತು.

"ಅತ್ತೆ, ಏನು ಮಾಡ್ತಿದ್ದೀಯ?" ಎನ್ನುತ್ತ ಕಡ್ಡಿ ಓಡಿಬಂದಳು.

"ನಿನ್ನ ಕೈ ಇಲ್ಲಿರಬೇಕಾದ್ದಲ್ಲ. ಅವರಿಗೆ ಎಲ್ಲ ಗೊತ್ತಂತೆ ಕಣೇ. ಬೆರಳು ಹಾಕ್ಕೊಂಡಿದ್ದೂ ಗೊತ್ತಂತೆ. ಅದನ್ನು ನೋಡಿ ಖುಷಿಪಡ್ತಾರಂತೆ."

ಕಡ್ಡಿಯ ಮುಖದಲ್ಲಿ ಏನೋ ಒಮ್ಮೆ ಮುರಿದ ಹಾಗಾಯಿತು. ಆಮೇಲೆ ಅದು ಮತ್ತೆ ಬಿಗಿಯಾಯಿತು. ಅವಳು ಯಾರನ್ನೂ ನೋಡದೆ ಪುಡಿಯ ಡಬ್ಬಿಯವರೆಗೆ ಹೋಗಿ ಅಂಗೈ ಅದ್ದಿದಳು. ಬಂದು, ಇನ್ನೂ ಒದ್ದೆಯಾಗಿದ್ದ ಅದೇ ಜಾಗದಲ್ಲಿ ಒತ್ತಿದಳು. ಬೆರಳ ಗೆಣ್ಣುಗಳ ಮೇಲೆ ಹಲ್ಲು ತಾಗಿದ ಕೆಂಪು ಗುರುತುಗಳಿದ್ದವು.

"ನಾಳೆ ತಂಡ ಆರಿಸ್ತಾರೆ ಅತ್ತೆ," ಎಂದಳು ಮೆಲ್ಲಗೆ. "ನಾನು ಓಡ್ಬೇಕು."

ಬಂಡೆ ರೂಢಿಯಂತೆ ಚಪ್ಪಾಳೆ ತಟ್ಟಲು ಕೈಯೆತ್ತಿದವನು ಇಳಿಸಿಬಿಟ್ಟ.

ಅತ್ತೆ ವ್ಯಾಯಾಮಶಾಲೆಯ ಬೀಗದ ಕೈಯನ್ನು ಸಲಾಕೆಯ ಪಕ್ಕ ಬಿಟ್ಟು ಹೊರಗೆ ಬಂದಳು. ನಲ್ಲಿಯಡಿ ಕೈ ಹಿಡಿದು ಮೊಣಕೈವರೆಗೆ ಉಜ್ಜಿ ತೊಳೆಯುತ್ತ ನಿಂತಳು. ನೀರು ತಣ್ಣಗೆ ಹರಿಯುತ್ತಿತ್ತು, ಹೇಸಿಗೆ ಮಾತ್ರ ಹೋಗಲಿಲ್ಲ. ಹಿಂದೆ ಹೆಜ್ಜೆಯ ಸದ್ದಾಯಿತು. ಕಡ್ಡಿ ಬಾಗಿಲಲ್ಲಿ ನಿಂತಿದ್ದಳು, ಬಿಳಿ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು.

"ಮಧ್ಯಾಹ್ನ ಊಟಕ್ಕೆ ಬರ್ಲಾ ಅತ್ತೆ?"

"ಬಾ. ಮನೆ ನಿಂದೇ," ಎಂದಳು ಅತ್ತೆ, ತಿರುಗದೆ. "ತಿಂದಿದ್ದನ್ನ ಒಳಗೆ ಇಟ್ಕೋತೀಯ ಅಂತಾದ್ರೆ ಬಡಿಸ್ತೀನಿ."

ಉತ್ತರಕ್ಕಾಗಿ ಅವಳು ನಲ್ಲಿ ನಿಲ್ಲಿಸಿದಳು. ಒಳಗಿನಿಂದ ಮುಖ್ಯ ಕೋಚ್ ಹುಡುಗಿಯ ಹೆಸರು ಹಿಡಿದು ಕೂಗಿದರು. ಕಡ್ಡಿ ಓಡಿದಳು. ಅತ್ತೆ ತಾನು ಕಟ್ಟಿದ ಆ ಕಾಲುಗಳ ಸದ್ದನ್ನು ಕೇಳುತ್ತ ನಿಂತಳು. ಹೆಜ್ಜೆ ಒಂದೂ ತಪ್ಪಿರಲಿಲ್ಲ.