ಕೈಪಟ್ಟಿ

"ಕುಡ್ಕೊಂಡಿದ್ದೀಯೇನೋ, ಕತ್ತೆ ನನ್ಮಗನೇ?"

ದೊಡ್ಡ ಡಾಕ್ಟರು ಕೇಳಿದ್ದು ನಮ್ಮಣ್ಣನನ್ನು. ಮಂಚದಿಂದ ಇಳಿದ ಅಣ್ಣ ಗೋಡೆ ಹಿಡಿದು ನಿಂತಿದ್ದ.

"ಕುಡಿಯೋಕೆ ಎಲ್ಲಿ ಬಿಟ್ಟಿದ್ದೀರಿ ಸಾರ್, ಗೇಟಿಗೆ ಬೀಗ ಹಾಕಿದ್ದೀರಲ್ಲ. ಮಾತ್ರೆ ನುಂಗಿದಾಗ್ಲಿಂದ ನೆಲಾನೇ ಓಡಾಡ್ತಿದೆ."

"ನೆಲ ಓಡಾಡಲ್ಲ. ನಿನ್ನ ತಲೆ ನೆಟ್ಟಗಿಲ್ಲ."

ನಾವು ಗೋದಾಮಿನಲ್ಲಿ ಮೂಟೆ ಹೊರುವವರು. ಮಂಡಿ ಸವೆದವರಿಗೆ ಹೊಸ ಮಾತ್ರೆ ಕೊಟ್ಟು ನೋಡುತ್ತಾರೆಂದು ಮೇಸ್ತ್ರಿಯೇ ನಮ್ಮನ್ನು ಈ ಆಸ್ಪತ್ರೆಗೆ ಸೇರಿಸಿದ್ದ. ಮಾತ್ರೆ ಅದನ್ನು ತಯಾರಿಸುವ ಕಂಪನಿಯದು. ಮಂಚ ಕಂಪನಿಯದು. ದೊಡ್ಡ ಡಾಕ್ಟರ ಸಂಬಳವೂ ಕಂಪನಿಯದೇ ಎಂದು ನರ್ಸಮ್ಮ ಹೇಳಿದ್ದಳು. ನಾನು ತಪ್ಪಾಗಿ ಕೇಳಿಸಿಕೊಂಡೆನೇನೋ ಎಂದು ಇನ್ನೊಮ್ಮೆ ಕೇಳಿದೆ. ಅದನ್ನೇ ಹೇಳಿದಳು. ಮಾತ್ರೆ ಒಳ್ಳೆಯದೋ ಕೆಟ್ಟದ್ದೋ ಎಂದು ತೀರ್ಮಾನಿಸುವವರೂ ಆ ಡಾಕ್ಟರೇ.

ಬಂದ ದಿನ ಎಲ್ಲರ ಮಣಿಕಟ್ಟಿಗೂ ಹಳದಿ ಪಟ್ಟಿ ಹಾಕಿದರು. ಯಾರಿಗಾದರೂ ವಾಂತಿಯಾದರೆ, ಕಣ್ಣು ಮಂಜಾದರೆ, ನರ್ಸಮ್ಮ ಕತ್ತರಿ ತಂದು ಪಟ್ಟಿ ಕತ್ತರಿಸುವಳು. "ನೀನಾಗೇ ಬಿಟ್ಟು ಹೋಗ್ತಿದ್ದೀಯ, ಅಲ್ವಾ?" ಎಂದು ಡಾಕ್ಟರು ಕೇಳುವರು. ಮೊದಮೊದಲು ನಮಗೆ ಹೊಟ್ಟೆಕಿಚ್ಚು; ಪಟ್ಟಿ ಹೋದವರಿಗೆ ಮನೆಯೂಟ ಸಿಗುತ್ತದಲ್ಲ ಎಂದು. ನಮ್ಮ ಜೊತೆಯ ಬೀಡಿಮಾವ ಹೊರಟಾಗ ಚಪ್ಪಾಳೆ ಕೂಡ ತಟ್ಟಿದೆವು.

ಆಮೇಲೊಂದು ದಿನ ಮಾವ ಕಣ್ಣು ಕಾಣದೆ ಮಗಳ ಹೆಗಲು ಹಿಡಿದು ಗೇಟಿಗೆ ಬಂದ. ಕಾವಲುಗಾರ ಅವನ ಬರಿಗೈ ನೋಡಿದ.

"ಪಟ್ಟಿ ಇಲ್ವಲ್ಲ ತಾತ. ನೀನು ನಮ್ಮೋನಲ್ಲ."

ಅಣ್ಣ ಅದನ್ನು ಕಣ್ಣಾರೆ ನೋಡಿದ್ದ.

ಈಗ ಕಂಪನಿಯ ಸಾಹೇಬರು ಬಾಗಿಲಿಗೆ ಬಂದರು. ಡಾಕ್ಟರ ದನಿ ಬೆಣ್ಣೆಯಾಯಿತು.

"ಇಲ್ಲಿರೋ ಯಾರಿಗೂ ಏನೂ ತೊಂದ್ರೆ ಆಗಿಲ್ಲ ಸಾರ್."

ಸುಳ್ಳೇನಲ್ಲ. ತೊಂದರೆಯಾದವರು ಯಾರೂ ಇಲ್ಲಿ ಇರಲಿಲ್ಲ. ಅಣ್ಣನೊಬ್ಬ ಉಳಿದಿದ್ದ. ಡಾಕ್ಟರು ನರ್ಸಮ್ಮನಿಗೆ ಕಣ್ಸನ್ನೆ ಮಾಡಿದರು.

"ನಾನು ಬಿಟ್ಟು ಹೋಗ್ತಿಲ್ಲ," ಎಂದು ಅಣ್ಣ ಮಂಚದ ಮೇಲೆ ಕೂತ. "ನಿಮ್ಮ ಮಾತ್ರೆ ತಿಂದು ತಲೆ ತಿರುಗ್ತಿದೆ. ಅದನ್ನ ಬರ್ಕೊಳ್ಳಿ. ವಾಸಿ ಮಾಡಿ. ಆಮೇಲೆ ಕಳಿಸಿ."

ಡಾಕ್ಟರು ನಮ್ಮ ಕಿವಿಗೆ ಮಾತ್ರ ಬೀಳುವಂತೆ ಬಗ್ಗಿದರು. "ಬೋಳಿಮಗನೇ, ಕರೆದು ಮಲಗಿಸಿದ್ರೆ ತಲೆಮೇಲೆ ಕೂರ್ತೀಯಾ? ಲೇ, ನೀನು ಇವನ ತಮ್ಮ ತಾನೇ? ಕೈ ಹಿಡ್ಕೋ."

ಹೇಳಿದ್ದನ್ನು ಸರಿಯಾಗಿ ಮಾಡಬೇಕೆಂಬುದು ನನಗೆ ಚಿಕ್ಕಂದಿನಿಂದ ಬಂದ ಭಯ. ಅಣ್ಣನ ಕೈ ಹಿಡಿದೆ. ಎರಡೂ ಕೈಯಿಂದ, ಪಟ್ಟಿ ಒಂದಿಷ್ಟೂ ಕಾಣದ ಹಾಗೆ ಹಿಡಿದೆ.

ಕತ್ತರಿಯ ತಣ್ಣನೆಯ ತುದಿ ನನ್ನ ಬೆರಳುಗಳಲ್ಲಿ ಸಂದಿ ಹುಡುಕಿತು. ಸಿಗಲಿಲ್ಲ.

"ಬೆರಳು ತೆಗಿಯಪ್ಪ," ಎಂದಳು ನರ್ಸಮ್ಮ.

ತೆಗೆಯಲಿಲ್ಲ. ಅವಳು ಡಾಕ್ಟರ ಮುಖ ನೋಡಿದಳು. ಡಾಕ್ಟರು ಸಾಹೇಬರ ಮುಖ ನೋಡಿದರು. ಸಾಹೇಬರು ಆಚೆ ತಿರುಗಿಕೊಂಡರು.

"ಕತ್ತರಿಸು," ಎಂದರು ಡಾಕ್ಟರು.